ಬಚ್ಚಲಲ್ಲಿ ಯಾವುದಿರಲಿ: ಟಬ್ಬೋ, ಶವರೋ, ಹಂಡೆಯೋ?

ಮನೆ ಕಟ್ಟುವಾಗ ಅಡುಗೆ ಕೋಣೆ ಎಲ್ಲಿರಬೇಕು, ಹಾಲ್ ಎಷ್ಟು ದೊಡ್ಡದಿರಬೇಕು, ನಮಾಝ್‌ಗೆ ಯಾವ ಮೂಲೆ ಎಂದೆಲ್ಲ ಮನೆಮಂದಿ ಕೂತು ಚರ್ಚಿಸುತ್ತಾರೆ. ಬಚ್ಚಲಿನ ಮಾತು ಮಾತ್ರ ಕೊನೆಗೆ ಬರುತ್ತದೆ. ಅಷ್ಟು ಹೊತ್ತಿಗೆ ಕೈಯಲ್ಲಿದ್ದ ಹಣ ಕರಗಿರುತ್ತದೆ, ಗಾರೆಯವನಿಗೆ ಅವಸರ ಬಂದಿರುತ್ತದೆ. ಟೈಲ್ಸ್ ಅಂಗಡಿಯವನು ತೋರಿಸಿದ ಬಣ್ಣದ ಚಿತ್ರವೇ ತೀರ್ಮಾನವಾಗಿಬಿಡುತ್ತದೆ. ಆದರೆ ಸ್ವಲ್ಪ ಯೋಚಿಸಿ. ಎಂಟು ತಿಂಗಳ ಕೂಸಿನಿಂದ ಎಂಬತ್ತರ ಅಜ್ಜಿಯವರೆಗೆ ಮನೆಯ ಪ್ರತಿಯೊಬ್ಬರೂ ದಿನವೂ ಹೋಗುವ ಜಾಗ ಅದು. ಒದ್ದೆ ನೆಲದ ಮೇಲೆ, ಬಾಗಿಲು ಹಾಕಿಕೊಂಡು, ಒಬ್ಬಂಟಿಯಾಗಿ ನಿಲ್ಲುವ ಜಾಗ.

ನಮ್ಮ ಹಿರೇಗುತ್ತಿ, ಮಿರ್ಜಾನ್ ಕಡೆ ಈಗ ಏಳುತ್ತಿರುವ ಮನೆಗಳಲ್ಲಿ ಮೂರು ಬಗೆಯ ಅಪೇಕ್ಷೆಗಳು ಎದುರಾಗುತ್ತವೆ. ಕೊಲ್ಲಿ ದೇಶದಲ್ಲಿ ದುಡಿಯುವ ಮಗನಿಗೆ ಅಲ್ಲಿ ಕಂಡಂತಹ ಟಬ್ ಬೇಕು. ಸೊಸೆಗೆ ಶವರ್ ಬೇಕು; ಬೆಳಿಗ್ಗೆ ಮಕ್ಕಳನ್ನು ಶಾಲೆಗೆ ಹೊರಡಿಸುವ ಗಡಿಬಿಡಿಯಲ್ಲಿ ಅದು ಸುಲಭ. ತಾಯಿಗೆ ಹಿತ್ತಲ ಬಚ್ಚಲು, ಒಲೆ ಮತ್ತು ಹಂಡೆ ಬೇಕು. ಮೂವರದ್ದೂ ಹಠವೆಂದು ತಳ್ಳಿಹಾಕುವಂತಿಲ್ಲ. ಮೂವರ ಮಾತಿನಲ್ಲೂ ಒಂದಷ್ಟು ನ್ಯಾಯವಿದೆ. ಹಾಗಾದರೆ ತೀರ್ಮಾನ ಹೇಗೆ?

ತಾಯಿಯ ಹಂಡೆ

ಕರಾವಳಿಯಲ್ಲಿ ಸ್ನಾನವೆಂದರೆ ತಲೆಮಾರುಗಳಿಂದ ತಾಮ್ರದ ಹಂಡೆಯ ಬಿಸಿನೀರು, ಒಂದು ತಂಬಿಗೆ, ಕೂರಲು ಕಲ್ಲು ಅಥವಾ ಮಣೆ. ಹಂಡೆಗೆ ನಮ್ಮ ಜಿಲ್ಲೆಯಲ್ಲಿ ಎಷ್ಟು ಗೌರವವೆಂದರೆ, ದೀಪಾವಳಿಯ ಹಿಂದಿನ ಸಂಜೆ ನೆರೆಮನೆಯ ಹಿಂದೂ ಬಾಂಧವರು ಅದನ್ನು ಹುಳಿ ಹಾಕಿ ತಿಕ್ಕಿ, ಹೊಸ ನೀರು ತುಂಬುವುದನ್ನೇ ಹಬ್ಬವಾಗಿ ಆಚರಿಸುತ್ತಾರೆ. ಉರಿಯಲು ತೆಂಗಿನ ಸೋಗೆ, ಒಣಸಿಪ್ಪೆ, ಕರಟ. ಮಿಂದ ನೀರು ಹಿತ್ತಲ ತೆಂಗಿನ ಬುಡಕ್ಕೆ. ಅಲ್ಲಿ ಯಾವುದೂ ವ್ಯರ್ಥವಲ್ಲ.

ಆದರೆ ಆ ಹಂಡೆ ತಾನಾಗಿ ತುಂಬಿಕೊಳ್ಳುತ್ತಿರಲಿಲ್ಲ ಎಂಬುದನ್ನು ಗಂಡಸರು ಮರೆಯಬಾರದು. ಬಾವಿಯಿಂದ ಕೊಡ ಕೊಡವಾಗಿ ಸೇದಿ ತಂದವಳು, ಮಳೆಗಾಲದಲ್ಲಿ ಹಸಿ ಸೌದೆ ಊದಿ ಕಣ್ಣು ಕೆಂಪು ಮಾಡಿಕೊಂಡವಳು ಮನೆಯ ಹೆಣ್ಣು. ಹೊಗೆ ಕುಡಿದು ಕೆಮ್ಮಿದವಳೂ ಅವಳೇ. ಹಳೆಯದನ್ನು ಹೊಗಳುವಾಗ ಅದರ ಹೊರೆ ಯಾರ ಸೊಂಟದ ಮೇಲಿತ್ತು ಎಂದು ಕೇಳಿಕೊಳ್ಳುವುದು ನ್ಯಾಯ. ನಲ್ಲಿ, ಪಂಪು, ಗೀಸರ್ ಬಂದದ್ದು ಅಲ್ಲಾಹನ ಅನುಗ್ರಹವೇ ಸರಿ.

ಎಷ್ಟು ನೀರು ಸಾಕು?

ಇನ್ನು ನೀರಿನ ಲೆಕ್ಕಕ್ಕೆ ಬರೋಣ. ಪ್ರವಾದಿ ಮುಹಮ್ಮದ್(ಸ)ರು ಒಂದು ಮುದ್ದ್ ನೀರಿನಲ್ಲಿ ವುಝೂ ಮಾಡುತ್ತಿದ್ದರು, ಒಂದು ಸಾಅ್‌ನಿಂದ ಐದು ಮುದ್ದ್‌ವರೆಗಿನ ನೀರಿನಲ್ಲಿ ಸ್ನಾನ ಮಾಡುತ್ತಿದ್ದರು ಎಂದು ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿ ವರದಿಯಾಗಿದೆ. ನಾಲ್ಕು ಮುದ್ದ್ ಸೇರಿದರೆ ಒಂದು ಸಾಅ್. ಇಂದಿನ ಅಳತೆಯಲ್ಲಿ ಅದು ಸುಮಾರು ಮೂರು ಲೀಟರ್. ಅಷ್ಟು ನೀರು ನನಗೆ ಸಾಲದು ಎಂದು ಒಬ್ಬಾತ ಹೇಳಿದಾಗ, ನಿನಗಿಂತ ಹೆಚ್ಚು ಕೂದಲಿದ್ದವರಿಗೆ, ನಿನಗಿಂತ ಉತ್ತಮರಾಗಿದ್ದವರಿಗೆ ಅದು ಸಾಕಾಗುತ್ತಿತ್ತು ಎಂಬರ್ಥದ ಉತ್ತರವನ್ನು ಹ. ಜಾಬಿರ್(ರ) ಕೊಟ್ಟರು. ನಾವೂ ಮೂರೇ ಲೀಟರಿನಲ್ಲಿ ಮೀಯಬೇಕೆಂದು ಇದರರ್ಥವಲ್ಲ. ನಮ್ಮದು ಬೆವರು ಸುರಿಯುವ ಕರಾವಳಿ. ಆದರೆ ಶುದ್ಧಿಗೆ ಬೇಕಾದ ನೀರು ಎಷ್ಟು ಕಡಿಮೆ, ಉಳಿದದ್ದೆಲ್ಲ ನಮ್ಮ ಸುಖಕ್ಕೆ ಎಂಬುದನ್ನು ಈ ಅಳತೆ ತೋರಿಸಿಕೊಡುತ್ತದೆ.

ಈಗ ಇಂದಿನ ಅಂಕಿಗಳನ್ನು ನೋಡಿ. ಒಂದು ಬಕೆಟ್ ಸ್ನಾನಕ್ಕೆ 15ರಿಂದ 20 ಲೀಟರ್ ಬೇಕು. ಅಮೆರಿಕದಲ್ಲಿ 1992ರಲ್ಲಿ ಬಂದ ಕಾನೂನು ಶವರ್‌ಗೆ ನಿಮಿಷಕ್ಕೆ ಎರಡೂವರೆ ಗ್ಯಾಲನ್, ಅಂದರೆ ಸುಮಾರು 9.5 ಲೀಟರ್‌ನ ಮಿತಿ ಹಾಕಿತು. ಆ ಮಿತಿಯೊಳಗಿನ ಶವರ್‌ನ ಕೆಳಗೆ ಹತ್ತು ನಿಮಿಷ ನಿಂತರೂ 95 ಲೀಟರ್ ಹರಿದುಹೋಗುತ್ತದೆ. ಸಾಧಾರಣ ಟಬ್ ತುಂಬಲು 150 ಲೀಟರ್ ಆಸುಪಾಸು ಬೇಕು. 2019ರಲ್ಲಿ ಆರಂಭವಾದ ಜಲಜೀವನ ಮಿಷನ್ ಹಳ್ಳಿಯ ಮನೆಗೆ ಲೆಕ್ಕ ಹಾಕಿದ್ದು ಒಬ್ಬರಿಗೆ ದಿನಕ್ಕೆ 55 ಲೀಟರ್. ಕುಡಿಯಲು, ಅಡುಗೆಗೆ, ಬಟ್ಟೆಗೆ, ಸ್ನಾನಕ್ಕೆ ಎಲ್ಲಕ್ಕೂ ಸೇರಿ. ಆರು ಜನರ ಮನೆಗೆ ಅದು 330 ಲೀಟರ್ ಆಯಿತು. ಒಬ್ಬರು ಒಮ್ಮೆ ಟಬ್‌ನಲ್ಲಿ ಮಲಗಿ ಎದ್ದರೆ ಮನೆಯವರೆಲ್ಲರ ಪಾಲಿನ ಅರ್ಧದಷ್ಟು ಮುಗಿಯಿತು.

‘ನಮ್ಮಲ್ಲಿ ನೀರಿಗೇನು ಬರ’ ಎನ್ನುವವರಿದ್ದಾರೆ. ನಿಜ, ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಸೀಮೆ ನಮ್ಮದು. ಆದರೆ ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್‌ನೊಳಗೆ ಬಂದು ಸಮುದ್ರ ಸೇರಿಬಿಡುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಬಾವಿಗೆ ಇಣುಕಿದರೆ ನಿಜಸ್ಥಿತಿ ತಿಳಿಯುತ್ತದೆ. ಅಘನಾಶಿನಿಯ ಅಳಿವೆಗೆ ಹತ್ತಿರದ, ಗಜನಿ ಗದ್ದೆಗಳ ಬದಿಯ ಬಾವಿಗಳಲ್ಲಿ ನೀರು ಇಳಿದಂತೆ ಉಪ್ಪು ಏರುತ್ತದೆ. ಉಪ್ಪುನೀರಿನಲ್ಲಿ ಸಾಬೂನು ನೊರೆ ಕಟ್ಟುವುದಿಲ್ಲ. ಆಗ ಇನ್ನೂ ಹೆಚ್ಚು ನೀರು ಸುರಿದುಕೊಳ್ಳಬೇಕಾಗುತ್ತದೆ. ಮನೆಯ ಬಚ್ಚಲನ್ನು ಜುಲೈ ತಿಂಗಳ ಬಾವಿ ನೋಡಿ ಕಟ್ಟಬಾರದು, ಮೇ ತಿಂಗಳ ಬಾವಿ ನೋಡಿ ಕಟ್ಟಬೇಕು.

ಟಬ್ ಮತ್ತು ಗುಸ್ಲ್

ಟಬ್‌ನಲ್ಲಿ ಕಡ್ಡಾಯ ಸ್ನಾನ ಸಿಂಧುವೇ ಎಂದು ಕೆಲವರು ಕೇಳುತ್ತಾರೆ. ನೀರು ಮೈಯ ಪ್ರತಿಯೊಂದು ಭಾಗಕ್ಕೂ, ಕೂದಲ ಬುಡಕ್ಕೂ ತಲಪುವುದು ಮುಖ್ಯ. ಸುರಿದುಕೊಂಡರೂ ಸರಿ, ಪೂರ್ತಿ ಮುಳುಗಿದರೂ ಸರಿ. ಹನಫೀ ಮದ್‌ಹಬ್‌ನಲ್ಲಿ ಬಾಯಿ ಮುಕ್ಕಳಿಸಿ, ಮೂಗಿಗೆ ನೀರು ಸೇರಿಸುವುದೂ ಕಡ್ಡಾಯ. ಶಾಫಿಈ ಮದ್‌ಹಬ್‌ನಲ್ಲಿ ನಿಯ್ಯತ್ ಕಡ್ಡಾಯ.

ಆದರೆ ಕರಾವಳಿಯ ಹೆಚ್ಚಿನವರು ಅನುಸರಿಸುವ ಶಾಫಿಈ ಫಿಕ್ಹ್‌ನಲ್ಲಿ ಇನ್ನೊಂದು ಸೂಕ್ಷ್ಮವಿದೆ. ಎರಡು ‘ಕುಲ್ಲ’ಕ್ಕಿಂತ ಕಡಿಮೆಯಿರುವ ನಿಂತ ನೀರನ್ನು ಒಬ್ಬರು ಕಡ್ಡಾಯ ಶುದ್ಧಿಗೆ ಬಳಸಿದ ಮೇಲೆ, ಅದೇ ನೀರಿನಿಂದ ಇನ್ನೊಬ್ಬರ ಕಡ್ಡಾಯ ಶುದ್ಧಿ ಆಗುವುದಿಲ್ಲ. ಎರಡು ಕುಲ್ಲವೆಂದರೆ ಇನ್ನೂರು ಲೀಟರ್ ಆಸುಪಾಸು, ಅದಕ್ಕಿಂತ ತುಸು ಹೆಚ್ಚೆಂದೂ ಲೆಕ್ಕ ಹಾಕುವವರಿದ್ದಾರೆ. ಹನಫೀಗಳು ಹೇಳುವ ದೊಡ್ಡ ನೀರಿನ ಅಳತೆ ಇದಕ್ಕಿಂತ ಎಷ್ಟೋ ಹೆಚ್ಚು. ನಮ್ಮ ಮಸೀದಿಗಳ ಹೌಝ್ ಅಷ್ಟು ದೊಡ್ಡದಿರುವುದರ ಹಿಂದೆ ಈ ಲೆಕ್ಕವೂ ಇದೆ. ಮನೆಯ ಟಬ್ ಆ ಅಳತೆಯನ್ನು ಮುಟ್ಟುವುದು ಅಪರೂಪ. ಅಂದರೆ ಪ್ರತಿಯೊಬ್ಬರಿಗೂ ಟಬ್ ಖಾಲಿ ಮಾಡಿ ಹೊಸದಾಗಿ ತುಂಬಬೇಕು. ಜನಾಬತ್‌ನ ಸ್ಥಿತಿಯಲ್ಲಿ ನಿಂತ ನೀರಿಗಿಳಿದು ಸ್ನಾನ ಮಾಡಬಾರದೆಂದು ಸಹೀಹ್ ಮುಸ್ಲಿಮ್‌ನ ಹದೀಸ್ ಕೂಡ ಎಚ್ಚರಿಸಿದೆ.

ಜಪಾನಿನಲ್ಲಿ ಮನೆಮಂದಿಯೆಲ್ಲ ಒಂದೇ ತೊಟ್ಟಿಯ ನೀರು ಬಳಸುತ್ತಾರೆ. ಆದರೆ ಮೊದಲು ಹೊರಗೆ ಕುಳಿತು ಮೈ ತೊಳೆದುಕೊಂಡೇ ತೊಟ್ಟಿಗೆ ಇಳಿಯುತ್ತಾರೆ. ತುರ್ಕಿಯ ಹಮಾಮಿನಲ್ಲಿ ಕಲ್ಲಿನ ಬೋಗುಣಿಯಿಂದ ಬಟ್ಟಲಲ್ಲಿ ನೀರು ಮೊಗೆದು ಮೈಮೇಲೆ ಸುರಿದುಕೊಳ್ಳುವುದೇ ಪದ್ಧತಿ. ಅಜ್ಜಿಯ ತಂಬಿಗೆಗೂ ಅದಕ್ಕೂ ಎಷ್ಟು ಹತ್ತಿರದ ನಂಟು ನೋಡಿ!

ಶವರ್ ಹಾಕುವವರಿಗೆ

ಶವರ್ ಕೆಟ್ಟದ್ದಲ್ಲ. ಹರಿಯುವ ನೀರು, ಬೇಗ ಮುಗಿಯುವ ಸ್ನಾನ, ಬಗ್ಗಿ ಮೊಗೆಯುವ ಕಷ್ಟವಿಲ್ಲ. ತೊಂದರೆ ಇರುವುದು ನಿಲ್ಲಿಸಲು ಮನಸ್ಸಾಗದಿರುವುದರಲ್ಲಿ. ಬಕೆಟ್ ಖಾಲಿಯಾದಾಗ ತಾನೇ ಹೇಳುತ್ತದೆ, ಶವರ್ ಹೇಳುವುದಿಲ್ಲ. ನಿಮ್ಮ ಶವರ್‌ನ ಕೆಳಗೆ ಬಕೆಟ್ ಇಟ್ಟು ಗಡಿಯಾರ ನೋಡಿ. 15 ಲೀಟರ್ ಎಷ್ಟು ಹೊತ್ತಿಗೆ ತುಂಬಿತು? ಅಷ್ಟು ಹೊತ್ತು ಒಂದು ಬಕೆಟ್ ಸ್ನಾನಕ್ಕೆ ಸಮ. ಸಾಬೂನು ಹಚ್ಚುವಾಗ ನಲ್ಲಿ ನಿಲ್ಲಿಸುವ ಅಭ್ಯಾಸವನ್ನು ಮಕ್ಕಳಿಗೆ ಈಗಲೇ ಕಲಿಸಿ.

ವಿದ್ಯುತ್ತಿನ ಲೆಕ್ಕವೂ ಇದೆ. 15 ಲೀಟರ್ ನೀರನ್ನು 15 ಡಿಗ್ರಿ ಬಿಸಿ ಮಾಡಲು ಕಾಲು ಯೂನಿಟ್ಟಿಗಿಂತ ತುಸು ಹೆಚ್ಚು ಬೇಕು. ಅಷ್ಟೇ ಬಿಸಿಯಲ್ಲಿ 150 ಲೀಟರಿನ ಟಬ್ ತುಂಬಲು ಎರಡೂವರೆ ಯೂನಿಟ್ ದಾಟುತ್ತದೆ. ಇನ್ನು ತಾರಸಿಯ ಟಾಂಕಿ ಶವರ್‌ಗಿಂತ ಎರಡು ಮೂರು ಮೀಟರ್ ಮಾತ್ರ ಮೇಲಿದ್ದರೆ ಒತ್ತಡ ಸಾಲದು. ದುಬಾರಿ ವಿದೇಶಿ ಶವರ್‌ನಿಂದ ಆಗ ಹನಿಹನಿಯೇ ಬೀಳುವುದು. ಮಳೆಗಾಲದಲ್ಲಿ ಮರ ಬಿದ್ದು ಎರಡು ದಿನ ಕರೆಂಟು ಹೋದರೆ ಪಂಪೂ ಇಲ್ಲ, ಗೀಸರೂ ಇಲ್ಲ. ಆಗ ಕೈಹಿಡಿಯುವುದು ಬಾವಿಯ ಹಗ್ಗ ಮತ್ತು ಬಕೆಟ್.

ಮನೆಯ ಅತಿ ದುರ್ಬಲರನ್ನು ನೋಡಿ

ನೀರು, ಹಣ, ಮಸ್‌ಅಲ ಎಲ್ಲವೂ ಮುಖ್ಯ. ಆದರೆ ತೀರ್ಮಾನ ಮಾಡಬೇಕಾದದ್ದು ಮನೆಯಲ್ಲಿ ಎಲ್ಲರಿಗಿಂತ ಅಶಕ್ತರು ಯಾರೆಂದು ನೋಡಿ. ಮಂಡಿನೋವಿರುವ ತಾಯಿ ಟಬ್‌ನ ಅಂಚು ದಾಟಲಾರಳು, ದಾಟಲು ಹೋದರೆ ಜಾರುವಳು. ಆ ವಯಸ್ಸಿನಲ್ಲಿ ಸೊಂಟದ ಮೂಳೆ ಮುರಿದರೆ ಮತ್ತೆ ಮೊದಲಿನಂತೆ ನಡೆಯುವುದು ಬಹಳ ಮಂದಿಗೆ ಕೂಡಿಬರುವುದಿಲ್ಲ. ಹೊರಳಿ ಆಡುವ ಮಗುವಿಗೆ ಟಬ್ ಮಾತ್ರವಲ್ಲ, ಗೇಣುದ್ದ ನೀರಿರುವ ಬಕೆಟ್ ಕೂಡ ಜೀವಕ್ಕೆ ಅಪಾಯ. ಬಾಣಂತಿಗೆ ಕೂತು ಮೀಯುವ ಜಾಗ, ನೀರು ಹಾಕುವ ಇನ್ನೊಬ್ಬರಿಗೆ ನಿಲ್ಲುವ ಜಾಗ ಬೇಕು.

ಆದ್ದರಿಂದ ನನ್ನ ಸಲಹೆ ಇಷ್ಟು. ಟಬ್‌ಗೆ ತೆಗೆದಿಟ್ಟ ಹಣ ಮತ್ತು ಜಾಗವನ್ನು ಬೇರೆಡೆ ಬಳಸಿ. ನುಣುಪಲ್ಲದ, ಒರಟು ಟೈಲ್ಸ್ ಹಾಕಿಸಿ. ಗೋಡೆಗೆ ಭದ್ರವಾದ ಉಕ್ಕಿನ ಹಿಡಿಕೆ ಇರಲಿ. ಟವೆಲ್ ಹಾಕುವ ಕೋಲು ಮೈಭಾರ ತಡೆಯುವುದಿಲ್ಲ. ಅಲುಗಾಡದ ಸ್ಟೂಲ್ ಇರಲಿ. ಕೊಳವೆ ಇರುವ ಕೈ ಶವರ್ ಹಾಕಿಸಿದರೆ ಕುಳಿತವರೂ ಬಳಸಬಹುದು, ನಿಂತವರೂ ಬಳಸಬಹುದು. ಅದರ ಕೆಳಗೊಂದು ನಲ್ಲಿ, ಬಕೆಟ್, ತಂಬಿಗೆ ಇದ್ದೇ ಇರಲಿ. ಬಾಗಿಲು ಹೊರಕ್ಕೆ ತೆರೆಯಲಿ. ಒಳಗೆ ಬಿದ್ದವರು ಬಾಗಿಲಿಗೆ ಅಡ್ಡವಾದರೂ ಆಗ ತೆರೆಯಬಹುದು. ಗ್ಯಾಸ್ ಗೀಸರನ್ನು ಮುಚ್ಚಿದ ಬಚ್ಚಲೊಳಗೆ ಇಡಲೇಬೇಡಿ. ಅದರಿಂದ ಹೊಮ್ಮುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಪ್ರಜ್ಞೆ ತಪ್ಪುವವರೆಗೆ ಅದರ ಸುಳಿವೇ ಸಿಗುವುದಿಲ್ಲ.

ಹಿತ್ತಲಲ್ಲಿ ಜಾಗವಿದ್ದರೆ ತಾಯಿಯ ಹಂಡೆಯನ್ನೂ ಕೀಳಬೇಡಿ, ಹೊಗೆ ಹೊರಗೆ ಹೋಗುವ ಕೊಳವೆಯೊಂದನ್ನು ಕೂರಿಸಿದರಾಯಿತು. ಮನೆಯ ನಕ್ಷೆ ಬರೆಸಲು ಹೋಗುವ ಮೊದಲು ಒಂದು ಸಂಜೆ ತಾಯಿಯ ಪಕ್ಕ ಕುಳಿತು, ‘ಅಮ್ಮಾ, ನಿಮಗೆ ಸ್ನಾನಕ್ಕೆ ಏನು ಕಷ್ಟವಾಗುತ್ತಿದೆ?’ ಎಂದು ಕೇಳಿ. ಅವರು ಹೇಳುವ ಉತ್ತರ ಯಾವ ಅಂಗಡಿಯ ಪುಸ್ತಕದಲ್ಲೂ ಸಿಗದು.