ಕಾರ್ಟೂನಿನ ಅಂಜುಬುರುಕರ ಪರವಾಗಿ

ಕಳೆದ ತಿಂಗಳು ನಮ್ಮ ಸಂಘದ ಗೋಷ್ಠಿಯಲ್ಲಿ ಮಕ್ಕಳ ದೂರದರ್ಶನವನ್ನು ಕುರಿತು ಚರ್ಚೆ ನಡೆದಾಗ ವಿದ್ವಾಂಸರಾದ ಸದಸ್ಯರೊಬ್ಬರು ಒಂದು ಸೂಚನೆಯನ್ನು ಮಂಡಿಸಿದರು. ಕಾರ್ಟೂನುಗಳೆಂದು ಕರೆಯಲ್ಪಡುವ ಚಿತ್ರಕಥೆಗಳಲ್ಲಿ ಅಂಜುಬುರುಕರೂ ನಾಚುವವರೂ ಆದ ಪಾತ್ರಗಳು ದಿನೇದಿನೇ ಹೆಚ್ಚುತ್ತಿವೆಯೆಂದೂ, ಇವನ್ನು ನೋಡಿ ನೋಡಿ ನಮ್ಮ ಮಕ್ಕಳು ಹೇಡಿಗಳಾಗುವರೆಂದೂ, ಆದಕಾರಣ ಇಂತಹವನ್ನು ಮನೆಗಳಲ್ಲಿ ತೋರಿಸಕೂಡದೆಂದು ತಾಯಿತಂದೆಗಳಿಗೆ ಸಂಘದ ವತಿಯಿಂದ ವಿಜ್ಞಾಪನೆಯೊಂದನ್ನು ಹೊರಡಿಸಬೇಕೆಂದೂ ಆ ಸೂಚನೆಯ ಸಾರ. ಅನೇಕರು ತಲೆದೂಗಿದರು. ನಿರ್ಣಯವು ಮುಂದಿನ ಗೋಷ್ಠಿಗೆ ಉಳಿದಿದೆ. ಅಷ್ಟರೊಳಗಾಗಿ ಅದಕ್ಕೆ ಪ್ರತಿಯಾಗಿ ಹೇಳತಕ್ಕುದನ್ನು ವಾಚಕರ ಮುಂದಿಡುವುದು ಉಚಿತವೆಂದು ತೋರಿತು. ಸೂಚಕರಲ್ಲಿ ನನಗೆ ಗೌರವವುಂಟು. ಅವರ ಸೂಚನೆಯಲ್ಲಿ ಮಾತ್ರ ಇಲ್ಲ.

ಪೂರ್ವಪಕ್ಷವನ್ನು ಮೊದಲು ನ್ಯಾಯವಾಗಿ ಹೇಳಿಬಿಡುವುದು ನಮ್ಮ ಶಾಸ್ತ್ರಪದ್ಧತಿ. ಅವರು ಎತ್ತಿಕೊಂಡ ಉದಾಹರಣೆಗಳು ಇವು: 1979ರಿಂದ ಜಪಾನಿನ ದೂರದರ್ಶನದಲ್ಲಿ ಬರುತ್ತಿರುವ ಡೋರೇಮಾನ್ ಕಥೆಯ ನೊಬಿತನೆಂಬ ಹುಡುಗ, 1969ರಲ್ಲಿ ಅಮೆರಿಕದಲ್ಲಿ ಆರಂಭವಾದ ಕಥೆಯ ಸ್ಕೂಬಿ ಡೂ ಎಂಬ ನಾಯಿ ಮತ್ತು ಅದರ ಗೆಳೆಯ ಶಾಗಿ, 1999ರಿಂದ 2002ರವರೆಗೆ ಕಾರ್ಟೂನ್ ನೆಟ್‌ವರ್ಕಿನಲ್ಲಿ ಬಂದ, ಕರೇಜ್ ಎಂಬ ಹೆಸರಿನ ಹೇಡಿನಾಯಿ. ಇವರೆಲ್ಲರೂ ಹೆದರುವವರು, ಕಿರುಚುವವರು, ಓಡುವವರು. ಮಕ್ಕಳಾದರೋ ಕಂಡದ್ದನ್ನು ಅನುಕರಿಸತಕ್ಕವರು. ಕೊನೆಗೆ, ‘ಉತ್ತರಕುಮಾರನನ್ನು ದಿನವೂ ಕಣ್ಣೆದುರಿಗಿಟ್ಟುಕೊಂಡು ಬೆಳೆದವನು ಅರ್ಜುನನಾಗುವನೇ?’ ಎಂದು ಅವರು ಕೇಳಿದಾಗ ಸಭೆಯು ನಕ್ಕಿತು. ನಗುವು ಪ್ರಮಾಣವಲ್ಲವೆಂಬುದನ್ನು ಮಾತ್ರ ಆ ಹೊತ್ತಿನಲ್ಲಿ ಯಾರೂ ನೆನಪಿಸಲಿಲ್ಲ. ಉತ್ತರನ ಮಾತಿಗೆ ಮುಂದೆ ಬರುತ್ತೇನೆ.

ಈ ವಾದದ ಮೊದಲನೆಯ ದೋಷವು ಪದಗಳ ದೋಷ. ಆಲಸ್ಯ, ಭಯ, ಲಜ್ಜೆ, ಹೇಡಿತನ ಇವೆಲ್ಲವನ್ನೂ ಒಂದೇ ಗೋಣಿಗೆ ತುಂಬಿ ಬಾಯಿ ಕಟ್ಟಲಾಗಿದೆ. ನೊಬಿತನ ವಕಾಲತ್ತನ್ನು ನಾನು ವಹಿಸಲಾರೆ. ಅವನಿಗಿರುವುದು ಮುಖ್ಯವಾಗಿ ಆಲಸ್ಯ. ಮನೆಯ ಪಾಠವನ್ನು ಬಿಟ್ಟು ಮಲಗುವವನು. ಗೆಳೆಯರಿಂದ ಪೆಟ್ಟು ತಿಂದರೆ ಮನೆಗೆ ಓಡಿ ಬಂದು ಯಂತ್ರದ ಬೆಕ್ಕಿನ ಕಾಲುಹಿಡಿದು ಒಂದು ಮಾಯಾಸಾಧನವನ್ನು ಬೇಡುವವನು. ಆ ಸಾಧನವು ಬಹುಮಟ್ಟಿಗೆ ಅವನಿಗೇ ತಿರುಗುಬಾಣವಾಗುತ್ತದೆಂಬುದನ್ನು ಮಕ್ಕಳೂ ಬಲ್ಲರು. ಇದರಲ್ಲಿ ಭಯದ ಬೋಧನೆ ಎಲ್ಲಿಯದು?

ಭಯವೂ ಲಜ್ಜೆಯೂ ಒಂದೇ ಎಂದು ನಮ್ಮವರು ಎಂದೂ ತಿಳಿಯಲಿಲ್ಲ. ಭರತನ ನಾಟ್ಯಶಾಸ್ತ್ರದಲ್ಲಿ ಭಯವು 8 ಸ್ಥಾಯಿಭಾವಗಳಲ್ಲಿ ಒಂದು. ವ್ರೀಡೆ ಮತ್ತು ತ್ರಾಸಗಳು 33 ವ್ಯಭಿಚಾರಿಭಾವಗಳಲ್ಲಿ ಬೇರೆಬೇರೆಯಾಗಿ ಎಣಿಸಲ್ಪಟ್ಟಿವೆ. ಗೀತೆಯ 16ನೆಯ ಅಧ್ಯಾಯವು ದೈವೀಸಂಪತ್ತನ್ನು ಎಣಿಸುವಾಗ ಅಭಯದಿಂದ ಮೊದಲುಮಾಡಿ, ಹ್ರೀ ಎಂಬ ಲಜ್ಜೆಯನ್ನೂ ಅದೇ ಪಟ್ಟಿಯೊಳಗೆ ಸೇರಿಸಿದೆ. ನಿರ್ಭಯನಾದವನು ನಾಚುವವನೂ ಆಗಿರಬಹುದೆಂದು ಅಲ್ಲಿ ಒಪ್ಪಿರುವಾಗ, ನಾಚುವ ಮಗುವನ್ನು ಹೇಡಿಯೆಂದು ಕರೆಯಲು ನಮ್ಮ ಸಂಘಕ್ಕೆ ಅಧಿಕಾರವನ್ನು ಕೊಟ್ಟವರು ಯಾರು?

ಇರಲಿ, ನಿಜವಾಗಿ ಹೆದರುವ ಪಾತ್ರವನ್ನೇ ತೆಗೆದುಕೊಳ್ಳೋಣ. ಸೂಚಕರು ಹೆಸರನ್ನು ಕೇಳಿಯೇ ತಿರಸ್ಕರಿಸಿದ ಆ ಹೇಡಿನಾಯಿಯ ಕಥೆಯನ್ನು ಅವರು ಪೂರ್ತಿ ನೋಡಿದಂತೆ ಕಾಣಲಿಲ್ಲ. ಜಾನ್ ಡಿಲ್ವರ್ತ್ ಎಂಬ ಅಮೆರಿಕದ ಚಿತ್ರಕಾರನು ಇದರ ಮೂಲವಾದ ಕಿರುಚಿತ್ರವನ್ನು ರಚಿಸಿದನು. ಅದು ಆಸ್ಕರ್ ಪಾರಿತೋಷಕಕ್ಕೆ ಸೂಚಿತವೂ ಆಯಿತು. ಕಥೆ ಇಷ್ಟೆ: ಕ್ಯಾನ್ಸಾಸ್ ಪ್ರಾಂತ್ಯದಲ್ಲಿ, ‘ಎಲ್ಲಿಯೂ ಅಲ್ಲ’ ಎಂಬರ್ಥದ ಹೆಸರುಳ್ಳ ಬಟ್ಟಬಯಲಿನ ನಡುವೆ ಒಂದು ಒಂಟಿ ಮನೆ. ಅಲ್ಲಿ ಮ್ಯೂರಿಯಲ್ ಎಂಬ ಮುದುಕಿ, ಅವಳ ಸಿಡುಕು ಗಂಡ ಯೂಸ್ಟಸ್, ಮರಿಯಾಗಿದ್ದಾಗ ಅನಾಥವಾಗಿ ಬಿದ್ದಿದ್ದು ಆ ಮುದುಕಿಯ ಕೈಸೇರಿದ ಒಂದು ನಾಯಿ. ಯೂಸ್ಟಸನಿಗೆ ಹೊತ್ತುಹೋಗದಿದ್ದರೆ ದೊಡ್ಡ ಮುಖವಾಡವೊಂದನ್ನು ಧರಿಸಿ ಬಂದು ಆ ಪ್ರಾಣಿಯನ್ನು ಬೆಚ್ಚಿಬೀಳಿಸುವುದೇ ವಿನೋದ. (ಇಂತಹ ವಿನೋದವನ್ನು ಮೆಚ್ಚುವ ಹಿರಿಯರು ಕ್ಯಾನ್ಸಾಸಿನಲ್ಲಿ ಮಾತ್ರವೇ ಇದ್ದಾರೆಂದು ವಾಚಕರು ಭಾವಿಸಬೇಕಾಗಿಲ್ಲ.) ಕಥೆಗೊಂದರಂತೆ ದೆವ್ವವೋ ದುಷ್ಟನೋ ಆ ಮನೆಯ ಬಾಗಿಲಿಗೆ ಬರುತ್ತದೆ. ಮುದುಕಿಗೆ ಅದು ಕಾಣುವುದಿಲ್ಲ. ಮುದುಕನಿಗೆ ಅದರ ಚಿಂತೆಯಿಲ್ಲ. ಕಾಣುವುದು ಹೆದರುವ ನಾಯಿಗೆ ಮಾತ್ರ. ಅದು ಗಡಗಡನೆ ನಡುಗುತ್ತದೆ, ಕಿರುಚುತ್ತದೆ; ನಡುಗುತ್ತಲೇ, ಕಿರುಚುತ್ತಲೇ ಒಳಹೊಕ್ಕು ಮುದುಕಿಯನ್ನು ಬಿಡಿಸಿಕೊಂಡು ಬರುತ್ತದೆ. ಎಷ್ಟೋ ಸಲ ತನ್ನನ್ನು ಗೋಳಾಡಿಸಿದ ಯೂಸ್ಟಸನನ್ನೂ ಉಳಿಸುತ್ತದೆ. ಮರುದಿನ ಪುನಃ ಹೆದರುತ್ತದೆ.

ಭಯವಿರುವಲ್ಲೆಲ್ಲ ಪಲಾಯನವಿರುವುದು, ಹೊಗೆಯಿರುವಲ್ಲೆಲ್ಲ ಬೆಂಕಿಯಿರುವಂತೆ, ಎಂಬುದು ಸೂಚಕರ ವ್ಯಾಪ್ತಿ. ತರ್ಕಸಂಗ್ರಹವನ್ನು ಓದಿದ ಹುಡುಗನೂ ಹೇಳಬಲ್ಲನು: ಭಯವಿದ್ದು ಪಲಾಯನವಿಲ್ಲದ ಒಂದು ಸ್ಥಳವನ್ನು ತೋರಿಸಿದರೆ ಆ ವ್ಯಾಪ್ತಿಯು ಮುರಿಯಿತು. ಈ ನಾಯಿಯ ಮೇಲೆ 52 ಸಂಚಿಕೆಗಳು ಬಂದಿವೆ. ಸೂಚಕರಿಗೆ ಎಷ್ಟು ಬೇಕೋ ಅಷ್ಟು ದೃಷ್ಟಾಂತಗಳನ್ನು ಅಲ್ಲಿಂದ ಆರಿಸಿಕೊಳ್ಳಬಹುದು.

ಈಗ ಉತ್ತರನ ವಿಷಯ. ವಿರಾಟಪರ್ವವನ್ನು ಸಾವಧಾನವಾಗಿ ಓದಿದವರಿಗೆ ಆ ರಾಜಕುಮಾರನು ನಗೆಪಾಟಲಾದದ್ದು ಹೆದರಿದ್ದರಿಂದಲ್ಲ, ಹೆದರುವುದಕ್ಕೆ ಮೊದಲು ಅಂತಃಪುರದ ಹೆಂಗಸರ ಮುಂದೆ ಜಂಬ ಕೊಚ್ಚಿದ್ದರಿಂದ ಎಂಬುದು ಗೊತ್ತು. ಒಲೆಯ ಮುಂದಿನ ಪೌರುಷವೆಂದು ನಮ್ಮ ಜನ ಹಾಸ್ಯಮಾಡುವುದು ಆ ಬಾಯಿಯನ್ನು ಕುರಿತೇ ಹೊರತು ಆ ನಡುಕವನ್ನು ಕುರಿತಲ್ಲ. ಭೀಷ್ಮದ್ರೋಣಾದಿಗಳು ನಿಂತ ಸೈನ್ಯವನ್ನು ಕಂಡು ಎಳೆಯ ಹುಡುಗನು ಹೆದರದಿದ್ದರೆ ಅವನಿಗೆ ಕಣ್ಣಿಲ್ಲವೆನ್ನಬೇಕಾಗುತ್ತದೆ. ಓಡಿದವನನ್ನು ಅರ್ಜುನನು ಅಟ್ಟಿಹಿಡಿದು ತಂದನು, ನಿಜ. ಆಮೇಲೆ ಏನು ಮಾಡಿದನು? ಧೈರ್ಯದ ಮೇಲೆ ಉಪನ್ಯಾಸವನ್ನು ಕೊಟ್ಟು ಬಿಲ್ಲನ್ನು ಅವನ ಕೈಗೆ ತುರುಕಲಿಲ್ಲ. ಶಮೀವೃಕ್ಷವನ್ನು ಹತ್ತಿಸಿ ಆಯುಧಗಳನ್ನು ಇಳಿಸಿಕೊಂಡನು; ಅವನು ಮಾಡಬಲ್ಲ ಕೆಲಸವಾದ ಸಾರಥ್ಯವನ್ನು ಅವನಿಗೆ ವಹಿಸಿದನು. ಅಂದಿನ ಯುದ್ಧದಲ್ಲಿ ಅರ್ಜುನನ ಕುದುರೆಗಳ ಹಗ್ಗವು ಉತ್ತರನ ಕೈಯಲ್ಲಿಯೇ ಇದ್ದಿತು. ನಮ್ಮ ಸದಸ್ಯರು ನಗುವಾಗ ಕಥೆಯ ಈ ಅರ್ಧವನ್ನು ಮರೆತಿದ್ದರು.

ಹಾಗೆಂದು ಕಾರ್ಟೂನುಗಳಲ್ಲಿ ದೋಷವೇ ಇಲ್ಲವೆಂದು ನಾನು ವಾದಿಸತಕ್ಕವನಲ್ಲ. ದೋಷವುಂಟು, ಅದು ಅಂಜುವ ಪಾತ್ರದಲ್ಲಿಲ್ಲ, ಅದರ ಸುತ್ತಲಿನವರು ಅದನ್ನು ನಡೆಸಿಕೊಳ್ಳುವ ರೀತಿಯಲ್ಲಿದೆ. ಸ್ಕೂಬಿ ಡೂ ಕಥೆಯಲ್ಲಿ ಭೂತವನ್ನು ಹಿಡಿಯಬೇಕಾದಾಗಲೆಲ್ಲ ಗುಂಪಿನಲ್ಲಿ ಅತ್ಯಂತ ಹೆದರುವ ಇಬ್ಬರನ್ನೇ ಆಮಿಷವಾಗಿ ಮುಂದಕ್ಕೆ ತಳ್ಳುತ್ತಾರೆ. ಒಲ್ಲೆವೆಂದರೆ ಬಿಸ್ಕತ್ತಿನ ಲಂಚ. ಇದನ್ನು ನೋಡಿ ಮಕ್ಕಳು ಕಲಿಯುವುದಾದರೆ, ಹೆದರುವುದನ್ನಲ್ಲ, ಹೆದರುವವನನ್ನು ಬಳಸಿಕೊಳ್ಳುವುದನ್ನು ಕಲಿತಾರು. ಭೂತವು ಕೊನೆಗೆ ಮುಖವಾಡ ಹಾಕಿದ ಮನುಷ್ಯನೇ ಆಗುವುದರಿಂದ ಇಬ್ಬರ ಭಯವೂ ನಿರಾಧಾರವೆಂಬಂತೆ ನಗಿಸುವುದುಂಟು. ಆದರೆ ಕತ್ತಲಮನೆಯಲ್ಲಿ ಮುಖವಾಡ ಹಾಕಿಕೊಂಡು ಅಟ್ಟಿಸಿಕೊಂಡು ಬರುವ ವಂಚಕನಿಗೆ ಹೆದರಬಾರದೆಂಬುದು ಯಾವ ನೀತಿಯೋ ನಾನರಿಯೆ. ಮೃಚ್ಛಕಟಿಕದ ಮೈತ್ರೇಯನೂ ರಾತ್ರಿಯಲ್ಲಿ ಬಲಿಯಿಡಲು ಚೌಕಕ್ಕೆ ಒಬ್ಬನೇ ಹೋಗಲಾರದ ಪುಕ್ಕಲ. ಶೂದ್ರಕನು ಅವನಿಂದ ನಮ್ಮನ್ನು ನಗಿಸುತ್ತಾನೆ. ಆದರೆ ಚಾರುದತ್ತನು ಬಡವನಾದ ಮೇಲೆಯೂ ಅವನನ್ನು ಬಿಡದೆ ಉಳಿದವನು ಆ ಪುಕ್ಕಲನೇ ಎಂಬುದನ್ನು ಮರೆಯಗೊಡುವುದಿಲ್ಲ.

ಇನ್ನೊಂದು ದೋಷವು ಇದಕ್ಕಿಂತ ಸೂಕ್ಷ್ಮವಾದದ್ದು. ನಾಚಿಕೆಯನ್ನು ಒಂದು ರೋಗವೆಂದು ಮಾಡಿ, ಇಪ್ಪತ್ತು ನಿಮಿಷದೊಳಗೆ ಅದಕ್ಕೆ ಚಿಕಿತ್ಸೆ ನಡೆಸಿ, ಕಟ್ಟಕಡೆಯಲ್ಲಿ ಆ ಪಾತ್ರವು ಜನರ ಮುಂದೆ ಗಟ್ಟಿಯಾಗಿ ಕೂಗಿತೆಂದರೆ ಗುಣವಾಯಿತೆಂದು ಚಪ್ಪಾಳೆ ತಟ್ಟಿಸುವುದು. ಇದನ್ನು ಖಂಡಿಸಲು ನಾನು ಬೇರೆಲ್ಲಿಗೂ ಹೋಗಬೇಕಾಗಿಲ್ಲ, ಕಾರ್ಟೂನೊಂದೇ ಖಂಡಿಸಿದೆ. 2010ರಿಂದ 2019ರವರೆಗೆ ಅಮೆರಿಕದಲ್ಲಿ ಬಂದ ಮೈ ಲಿಟ್ಲ್ ಪೋನಿ ಎಂಬ ಕುದುರೆಮರಿಗಳ ಕಥೆಯಲ್ಲಿ ಫ್ಲಟರ್‌ಶೈ ಎಂಬವಳು ತನ್ನ ಹೆಸರನ್ನು ಹೇಳುವುದಕ್ಕೂ ನಾಚಿ, ಕೇಳಿಸದಂತೆ ಪಿಸುಗುಟ್ಟುವವಳು. ಆದರೆ ಉಳಿದವರೆಲ್ಲ ಕಾದಾಡಲು ಹೊರಟ ಮೃಗವೊಂದರ ಹತ್ತಿರಕ್ಕೆ ಹೋಗಿ, ಅದರ ಪಾದದಲ್ಲಿ ನೆಟ್ಟಿದ್ದ ಮುಳ್ಳನ್ನು ಕಿತ್ತು ಶಾಂತಗೊಳಿಸಿದವಳೂ ಅವಳೇ. 2012ರ ಒಂದು ಸಂಚಿಕೆಯಲ್ಲಿ, ಪೇಟೆಯಲ್ಲಿ ಎಲ್ಲರೂ ಅವಳನ್ನು ತಳ್ಳಿ ಮುಂದೆ ಹೋಗುವುದನ್ನೂ, ಅಂಗಡಿಯವನು ಒಂದು ಹಣ್ಣಿಗೆ ಮನಬಂದಂತೆ ಬೆಲೆಯೇರಿಸುವುದನ್ನೂ ತಾಳಲಾರದೆ, ಐರನ್ ವಿಲ್ ಎಂಬ ವೃಷಭಮುಖದ ಬೋಧಕನ ಶಿಬಿರಕ್ಕೆ ಅವಳು ಹೋಗುತ್ತಾಳೆ. ಅವನು ಪ್ರಾಸಬದ್ಧವಾದ ಘೋಷಣೆಗಳನ್ನು ಕೂಗಿಸಿ ದಿಟ್ಟತನವನ್ನು ಕಲಿಸತಕ್ಕವನು. ಅವಳು ಕಲಿತಳು; ಕಲಿತು ತನ್ನ ಪ್ರಾಣಸ್ನೇಹಿತೆಯರಿಬ್ಬರನ್ನು ಬಿರುನುಡಿಗಳಿಂದ ಅಳಿಸಿದಳು. ಕಡೆಗೆ ಬೋಧಕನು ಶುಲ್ಕವನ್ನು ವಸೂಲು ಮಾಡಲು ಬಂದಾಗ, ತೃಪ್ತಿಯಾಗದಿದ್ದರೆ ಹಣ ಬೇಡವೆಂದು ನೀನೇ ಮಾತುಕೊಟ್ಟಿದ್ದೆ, ನನಗೆ ತೃಪ್ತಿಯಾಗಿಲ್ಲ, ಕೊಡುವುದಿಲ್ಲ ಎಂದು ತನ್ನ ಸಹಜವಾದ ಮೆಲುದನಿಯಲ್ಲಿಯೇ ಹೇಳಿ ಅವನನ್ನು ಕಳುಹಿಸಿದಳು.

ಆ ವೃಷಭಮುಖನು ನಮ್ಮ ಊರುಗಳಲ್ಲಿಯೂ ಇದ್ದಾನೆ. ಬೇಸಗೆಯ ರಜ ಬಂತೆಂದರೆ ವ್ಯಕ್ತಿತ್ವ ವಿಕಸನ ಶಿಬಿರಗಳ ಫಲಕಗಳನ್ನು ನೋಡಿರಿ. ಮನೆಗಳಲ್ಲಿ ಶಿಬಿರವು ವರ್ಷವಿಡೀ ನಡೆಯುತ್ತದೆ: ಅತಿಥಿಗಳು ಬಂದೊಡನೆ ‘ಬಾ ಪುಟ್ಟಾ, ಮಾಮನಿಗೆ ಒಂದು ಶ್ಲೋಕ ಹೇಳು’ ಎಂಬ ಅಪ್ಪಣೆ; ಮಗುವು ತಾಯಿಯ ಸೆರಗಿನ ಹಿಂದೆ ಸರಿದರೆ ‘ಮೂಗಬಸವ’ ಎಂಬ ಬಿರುದು. ಬಾಯಿದ್ದವನು ಬರಗಾಲದಲ್ಲೂ ಬದುಕುವನೆಂಬುದನ್ನು ನಾವು ಶ್ರುತಿವಾಕ್ಯದಂತೆ ನಂಬಿಬಿಟ್ಟಿದ್ದೇವೆ. ನಮ್ಮ ಸಂಘವೇ ನಡೆಸುವ ಮಕ್ಕಳ ಭಾಷಣಸ್ಪರ್ಧೆಯ ಅಂಕಪಟ್ಟಿಯಲ್ಲಿ ಗಟ್ಟಿಧ್ವನಿಗೆ ಪ್ರತ್ಯೇಕ ಅಂಕಗಳಿವೆ. ವಿಷಯವನ್ನು ಯೋಚಿಸಿದ್ದಕ್ಕೆ ಪ್ರತ್ಯೇಕ ಅಂಕವಿಲ್ಲ. ನಾನು ಪಾಠ ಹೇಳುತ್ತಿದ್ದ ಕಾಲದಲ್ಲಿ, ಇಡೀ ವರ್ಷ ತರಗತಿಯಲ್ಲಿ ತುಟಿ ತೆರೆಯದ ಒಬ್ಬ ಹುಡುಗಿಯು ಅಮರಕೋಶದ ವರ್ಗಗಳನ್ನು ಒಂದು ದೀರ್ಘವೂ ತಪ್ಪದಂತೆ ಬರೆದು ಮೇಜಿನ ಮೇಲಿಟ್ಟು ಹೋಗುತ್ತಿದ್ದಳು. ಬಾಯಿಪಾಠ ಒಪ್ಪಿಸುವ ಪರೀಕ್ಷೆಯಲ್ಲಿ ಆಕೆಗೆ ಸೊನ್ನೆ ಹಾಕಬೇಕೆಂಬುದು ಮೇಲಿನವರ ನಿಯಮವಾಗಿತ್ತು. ಇಂತಹವರನ್ನು ಹೇಡಿಗಳನ್ನಾಗಿಸಲು ಅಮೆರಿಕದ ನಾಯಿಯೂ ಜಪಾನಿನ ಬೆಕ್ಕೂ ಬರಬೇಕಾಗಿಲ್ಲ.

ಅಂಜುವವರನ್ನು ತೆರೆಯಿಂದ ಅಳಿಸುವ ಉಪಾಯವು ಹೊಸದೇನೂ ಅಲ್ಲ. ಆಂಗ್ಲ ಲೇಖಕ ಮಿಲ್ನ್ ಮಕ್ಕಳಿಗಾಗಿ ಬರೆದ ಪೂ ಎಂಬ ಕರಡಿಯ ಕಥೆಯನ್ನು ಅಮೆರಿಕದ ಡಿಸ್ನಿ ಸಂಸ್ಥೆಯು 1966ರಲ್ಲಿ ಮೊದಲ ಸಲ ಚಿತ್ರವಾಗಿಸಿದಾಗ, ಕರಡಿಯ ಪ್ರಿಯಮಿತ್ರನೂ ಮಹಾ ಅಂಜುಬುರುಕನೂ ಆದ ಪಿಗ್ಲೆಟ್ ಎಂಬ ಹಂದಿಮರಿಯನ್ನು ಬಿಟ್ಟುಬಿಟ್ಟಿತು. ಮೂಲದಲ್ಲಿಲ್ಲದ ಬಾಯಿಬಡುಕ ಗೋಫರ್ ಒಂದನ್ನು ಸೇರಿಸಿತು. 1968ರ ಎರಡನೆಯ ಚಿತ್ರಕ್ಕೆ ಹಂದಿಮರಿಯನ್ನು ಕರೆತರಲೇಬೇಕಾಯಿತು. ಆ ಚಿತ್ರದಲ್ಲಿ ಬಿರುಗಾಳಿಯಿಂದ ಮನೆಯನ್ನು ಕಳೆದುಕೊಂಡ ಗೂಬೆಗೆ, ತಪ್ಪುತಿಳಿವಳಿಕೆಯಿಂದ ಈಯೋರ್ ಎಂಬ ಕತ್ತೆಯು ಪಿಗ್ಲೆಟನ ಮನೆಯನ್ನೇ ತೋರಿಸಿಕೊಟ್ಟಾಗ, ಇದು ನನ್ನದೆನ್ನದೆ ಬಿಟ್ಟುಕೊಡುವವನು ಆ ಅಂಜುಬುರುಕನೇ. ಗೋಫರನು ಮಾಡುವ ಕೆಲಸವಲ್ಲ ಅದು.

ಕೊನೆಯದಾಗಿ, 2021ರಲ್ಲಿ ಜಪಾನಿನಲ್ಲಿ ಆರಂಭವಾದ ಒಂದು ಕಥೆ. ಅದರ ನಾಯಿಕೆ ಕೋಮಿ ಎಂಬ ಪ್ರೌಢಶಾಲೆಯ ಹುಡುಗಿ. ಅವಳ ಮೌನವನ್ನು ಸಹಪಾಠಿಗಳು ಗಾಂಭೀರ್ಯವೆಂದು ತಿಳಿದು ಪೂಜಿಸುತ್ತಾರೆ. ನಿಜವೇನೆಂದರೆ ಅವಳು ಮಾತನಾಡಲು ಹೋದರೆ ಗಂಟಲು ಕಟ್ಟುತ್ತದೆ. ಇದನ್ನು ಕಂಡುಹಿಡಿದವನು ತದಾನೋ ಎಂಬ, ಯಾವ ವಿಶೇಷವೂ ಇಲ್ಲದ ಒಬ್ಬ ಹುಡುಗ. ಬರಿದಾದ ತರಗತಿಯಲ್ಲಿ ಅವನು ‘ಮಾತನಾಡು’ ಎಂದು ಅವಳನ್ನು ಪೀಡಿಸಲಿಲ್ಲ. ಕಪ್ಪುಹಲಗೆಯ ಮೇಲೆ ಸೀಮೆಸುಣ್ಣದಿಂದ ಬರೆಯುವ ಅವಕಾಶವಿತ್ತು. ಅವಳು ಬರೆದಳು, ಅವನೂ ಬಾಯಿಯನ್ನು ಬಿಟ್ಟು ಬರೆಯತೊಡಗಿದನು. ಊಟದ ಬುತ್ತಿಯನ್ನು ಒಬ್ಬಳೇ ತಿನ್ನುವ ಕಷ್ಟ, ಯಾರನ್ನಾದರೂ ಕರೆಯಬೇಕೆಂದು ಎಷ್ಟೋ ಸಲ ಹೊರಟು ಹಿಂದೆಗೆದದ್ದು, ಹೀಗೆ ಅವಳ ಅಂತರಂಗವೆಲ್ಲ ಹಲಗೆಯ ತುಂಬ ಹರಡಿತು. ಬಹಳ ಹೊತ್ತು ತೆರೆಯ ಮೇಲೆ ಸುಣ್ಣದ ಸದ್ದಲ್ಲದೆ ಮಾತಿಲ್ಲ. ನೂರು ಮಂದಿ ಗೆಳೆಯರನ್ನು ಸಂಪಾದಿಸಬೇಕೆಂಬುದು ತನ್ನ ಆಸೆಯೆಂದು ಅವಳು ಬರೆದಾಗ, ಮೊದಲನೆಯವನು ತಾನಾಗುವೆನೆಂದು ಅವನು ಬರೆದನು. 2022ರಲ್ಲಿ ಎರಡನೆಯ ಸರಣಿಯು ಮುಗಿದಾಗ ಆ ನೂರು ಇನ್ನೂ ತುಂಬಿರಲಿಲ್ಲ, ಮಾತೂ ಸರಾಗವಾಗಿರಲಿಲ್ಲ. ಅವಳು ಬರೆದು ತೋರಿಸುವ ಪುಸ್ತಕವು ಅವಳ ಕೈಯಲ್ಲಿಯೇ ಇತ್ತು. ತರಗತಿಯವರು ಅದನ್ನು ಓದಲು ಕಲಿತಿದ್ದರು.