ಗೀಸರ್ ಪಾಪ, ಅದರದೇನು ತಪ್ಪು?

ಷವರಿನಾಗ ನೀರು ಒಮ್ಮೆ ಸುಡೂದು, ಒಮ್ಮೆ ತಣ್ಣಗಾಗೂದು ಶುರುವಾತಂದ್ರ ನಮ್ಮ ಕಡೆ ಎರಡ ತೀರ್ಪು. ಮನಿಯವರು, “ನಳಾ ಹೊಂದಿಸ್ಕೊಳ್ಳಿಕ್ಕೂ ಬರೂದಿಲ್ಲೇನು?” ಅಂತಾರ. ಪ್ಲಂಬರ್ ಬಂದು, “ಗೀಸರ್ ಹೋಗೇದ್ರಿ, ಹೊಸಾದು ಹಾಕಸ್ರಿ” ಅಂತಾನ. ಎರಡಕ್ಕೂ ನನ್ನ ಒಪ್ಪಿಗಿ ಇಲ್ಲ. ಮೊದಲನೇದು ಜಳಕ ಮಾಡೋರ ಮ್ಯಾಲೆ ತಪ್ಪು ಹೊರಸ್ತದ, ಎರಡನೇದು ಪರೀಕ್ಷಾನ ಮಾಡದ ರೊಕ್ಕ ಬಿಚ್ಚಸ್ತದ. ನಾಡಿ ನೋಡದ ಔಷಧ ಬರಿಯೋ ಡಾಕ್ಟರ ಕಡೆ ನಾವು ಹೋಗ್ತೀವೇನ್ರಿ?

ನಮ್ಮನಿಗೆ ಬಂದಾವ ಷವರ್ ಚಾಲೂ ಮಾಡಿ ಸುದ್ದಾ ನೋಡಲಿಲ್ಲ. ಗೀಸರ್ ತಂದು ಎಷ್ಟು ವರ್ಷ ಆತು ಅಂತ ಕೇಳಿದ, ತೀರ್ಪು ಕೊಟ್ಟ. “ಫ್ಲಷ್ ಒತ್ತಿದಾಗ ಮಾತ್ರ ಸುಡ್ತದಪಾ” ಅಂತ ನಾ ಹೇಳಿದ್ದು ಅವನ ಕಿವಿಗೆ ಬೀಳಲೇ ಇಲ್ಲ. ರೋಗದ ಗುರುತೆಲ್ಲಾ ಆ ಒಂದ ಮಾತಿನಾಗ ಇತ್ತು!

ಹಂಡೆ ನೀರಿನ ಕಾಲಕ್ಕ ಈ ಜಗಳ ಇರಲಿಲ್ಲ. ಬಿಸಿನೀರಿಗೆ ತಣ್ಣೀರು ಬೆರಸಿ, ಕೈ ಅದ್ದಿ ನೋಡಿ, ಆಮ್ಯಾಲೆ ಎರಕೊಳ್ಳೂದು. ಷವರಿನಾಗ ಬೆರಸೂದು ನಳದೊಳಗ, ಅದೂ ಕ್ಷಣಕ್ಷಣಕ್ಕ. ಎರಡರಾಗ ಒಂದು ಪೈಪಿನ ಒತ್ತಡ ಇಳೀತಂದ್ರ ನೀವು ಹೊಂದಿಸಿದ ಹದ ಕೆಟ್ಟ ಹೋತು. ಮಾಳಿಗಿ ಮ್ಯಾಲಿನ ಟಾಕಿ ಷವರಿಗಿಂತ 3 ಮೀಟರ್ ಎತ್ತರ ಇದ್ರ ಸಿಗೂ ಒತ್ತಡ ಸುಮಾರು 0.3 ಬಾರ್, ಅಷ್ಟ. ತಣ್ಣೀರಿನ ಅದ ಪೈಪಿನ ಮ್ಯಾಲೆ ಯಾರರೆ ಇನ್ನೊಂದು ನಳಾ ಬಿಟ್ಟರ, ಇಲ್ಲಾ ಫ್ಲಷ್ ಟಾಕಿ ತುಂಬಲಿಕ್ಕೆ ಹತ್ತಿದರ, ತಣ್ಣೀರು ಅತ್ತ ಹರೀತದ. ಇತ್ತ ಬೆನ್ನು ಚುರ್ ಅಂತದ.

ಅದಕ್ಕ ನಾ ಹೇಳೂದು, ರೊಕ್ಕ ತಗಿಯೂಕಿಂತ ಮೊದಲ ಅರ್ಧ ತಾಸು ತಗೀರಿ. ಮನಿಯ ಎಲ್ಲಾ ನಳಾ ಬಂದ್ ಮಾಡಿ ಷವರೊಂದ ಚಾಲೂ ಇಡ್ರಿ. ನೀರು ಹದಕ್ಕ ಬಂದ ಮ್ಯಾಲೆ ಒಬ್ಬರಿಗೆ ಅಡಗಿಮನಿ ನಳಾ ಬಿಡಲಿಕ್ಕೆ ಹೇಳ್ರಿ, ಆಮ್ಯಾಲೆ ಫ್ಲಷ್ ಒತ್ತಲಿಕ್ಕೆ ಹೇಳ್ರಿ. ತಟ್ಟನ ಬದಲಾತಂದ್ರ ಅದು ಒತ್ತಡದ ಜಡ್ಡು. ಹತ್ತು ಗೀಸರ್ ಬದಲಿಸಿದರೂ ಹೋಗೂದಿಲ್ಲ.

ತಟ್ಟನ ಅಲ್ಲ, ಐದಾರು ನಿಮಿಷ ಆದಮ್ಯಾಲೆ ಸಾವಕಾಶ ತಣ್ಣಗಾಗ್ತದೇನು? ಹಂಗಂದ್ರ 15 ಲೀಟರಿನ ಗೀಸರ್ ಟಾಕಿಯೊಳಗಿನ ಬಿಸಿನೀರು ಮುಗೀಲಿಕ್ಕೆ ಬಂದದ. ಮ್ಯಾಲಿಂದ ಬಿಸಿನೀರು ಹೋದಷ್ಟೂ ಕೆಳಗಿಂದ ತಣ್ಣೀರು ಒಳಗ ಬರ್ತದ. ಅದು ಜಡ್ಡಲ್ಲ, ಬರೇ ಲೆಕ್ಕ. 3 ಲೀಟರಿನ ಇನ್‌ಸ್ಟಂಟ್ ಗೀಸರಿನ ಲೆಕ್ಕ ಬ್ಯಾರೆ. ಅದರ ಎಲಿಮೆಂಟು 3 ಕಿಲೋವ್ಯಾಟಿಂದಾದ್ರ, ನಿಮಿಷಕ್ಕ 2 ಲೀಟರ್ ಹರಿಯೋ ನೀರನ್ನ ಸುಮಾರು 21 ಡಿಗ್ರಿ ಏರಸ್ತದ. ನಿಮಿಷಕ್ಕ 4 ಲೀಟರ್ ಹರಿದರ ಏರೂದು ಹತ್ತೋ ಹನ್ನೊಂದೋ ಡಿಗ್ರಿ. ಹರಿವು ಕುಣಿದಂಗ ಬಿಸೀನೂ ಕುಣೀತದ.

ಇನ್ನ ಬರೇ ಬಿಸಿನೀರಿನ ನಳಾ ಬಿಟ್ಟು ಬಕೆಟ್ ಹಿಡೀರಿ. ಟಾಕಿ ಅರ್ಧ ಖಾಲಿ ಆಗೂದ್ರೊಳಗ ಅಲ್ಲೇ ಬಿಸಿ ಏರಿಳೀತಿದ್ರ, ಆಗ ಗೀಸರ್ ಮ್ಯಾಲೆ ಅನುಮಾನ ಪಡ್ರಿ. ಆಗಲೂ ಮೊದಲ ನೋಡಬೇಕಾದ್ದು ಥರ್ಮೋಸ್ಟ್ಯಾಟು, ಎಲಿಮೆಂಟು. ಬೋರ್ ನೀರಿನ ಮನಿಯಾಗ ಎಲಿಮೆಂಟಿಗೆ ಸುಣ್ಣ ಕಟ್ಟಿರ್ತದ, ಷವರಿನ ತೂತಿಗೂ ಕಟ್ಟಿರ್ತದ. ಒಂದು ಬಿಡಿಭಾಗದ ಸಲುವಾಗಿ ಇಡೀ ಗೀಸರ್ ಯಾಕ ಒಗೀಬೇಕು?

ಸೋಲಾರ್ ಇದ್ದ ಮನಿಯಾಗ ಇನ್ನೊಂದು ಮೋಜು. ಷವರ್ ಜೋರ್ ಬರಲಿ ಅಂತ ತಣ್ಣೀರಿನ ಪೈಪಿಗಷ್ಟ ಪ್ರೆಷರ್ ಪಂಪ್ ಕೂಡಸ್ತಾರ. ಬಿಸಿನೀರು ಮಾತ್ರ ಸೋಲಾರ್ ಟಾಕಿಯಿಂದ ತನ್ನಷ್ಟಕ್ಕ ತಾನ ಇಳೀಬೇಕು. ಪಂಪಿನ ಜೋರಿಗೆ ತಣ್ಣೀರು ಮಿಕ್ಸರ್ ನಳದೊಳಗ ಬಿಸಿನೀರನ್ನ ಹಿಂದಕ್ಕ ನೂಕ್ತದ. ನಾನ್ ರಿಟರ್ನ್ ವಾಲ್ವ್ ಇಲ್ಲದಿದ್ರ ಸೋಲಾರ್ ಟಾಕಿಯೊಳಗೂ ಹೊಕ್ಕೊಳ್ತದ. ಆಮ್ಯಾಲೆ ಎಲ್ಲಾರೂ ಕೂಡಿ, “ಸೋಲಾರ್ ದಂಡ, ನೀರ ಕಾಯೂದಿಲ್ಲ” ಅಂತ ಸೂರ್ಯನ್ನ ಬೈತಾರ!

“ಇಷ್ಟ ಸಣ್ಣ ವಿಷಯಕ್ಕ ಇಷ್ಟ್ಯಾಕ ಸಿಟ್ಟು?” ಅನ್ನಬ್ಯಾಡ್ರಿ. 60 ಡಿಗ್ರಿ ನೀರು ದೊಡ್ಡವರ ಚರ್ಮಾನೂ ಕೆಲವ ಸೆಕೆಂಡಿನಾಗ ಸುಡ್ತದ. ಸಣ್ಣ ಹುಡುಗರ ಚರ್ಮ, ವಯಸ್ಸಾದವರ ಚರ್ಮ ಇನ್ನೂ ತೆಳು. ಚುರ್ ಅಂದಾಗ ಲಗೂನ ಸರೀಲಿಕ್ಕೆ ಅವರಿಗೆ ಆಗೂದಿಲ್ಲ. ಸರಿದರೂ ಒದ್ದಿ ನೆಲ, ಜಾರಿದ್ರ ಸೊಂಟದ ಎಲುಬು. ಅಂಥವರಿಗೆ “ಹೊಂದಿಸ್ಕೋ” ಅಂತ ಹೇಳೂದು ಬುದ್ಧಿಮಾತಲ್ಲ, ನಿರ್ದಯ. ದುರಸ್ತಿ ಆಗೋತನಕ ಅವರಿಗೆ ಬಕೆಟ್ಟ ಛಲೋ.

ದುರಸ್ತಿ ಅಂದ್ರೂ ದೊಡ್ಡ ವಿದ್ಯೆ ಏನಲ್ಲ. ಬಚ್ಚಲಿನ ತಣ್ಣೀರಿಗೆ ಟಾಕಿಯಿಂದ ಬ್ಯಾರೆ ಪೈಪ್ ಇಳಸ್ರಿ. ಪಂಪ್ ಬೇಕಂದ್ರ ಎರಡೂ ಕಡೆ ಸಮ ಒತ್ತಡ ಬರೂಹಂಗ, ಗೀಸರೋ ಸೋಲಾರೋ ಅದನ್ನ ತಡೀತದೋ ಇಲ್ಲೋ ಕೇಳಿಕೊಂಡು ಹಾಕಸ್ರಿ. ನಾನ್ ರಿಟರ್ನ್ ವಾಲ್ವ್ ಇಲ್ಲದ ಕೆಲಸಕ್ಕ ರೊಕ್ಕ ಕೊಡಬ್ಯಾಡ್ರಿ. ಇನ್ನ ಮುಂದಿನ ಸಲ ಯಾವನರೆ ಬಂದು “ಗೀಸರ್ ಹೋಗೇದ” ಅಂದ್ರ, “ಹೌದೇನಪಾ? ಬಿಸಿ ನಳಾ ಬಿಟ್ಟು ಬಕೆಟ್ ಹಿಡಿದು ತೋರ್ಸು” ಅನ್ರಿ. ತೋರಿಸಿದರ ಹೊಸಾದು ತರೂಣಂತ.