ಅರಳುಮರಳಿಗೆ ಬೀಗವೇ ಮದ್ದೆ?

‘ಅರವತ್ತಕ್ಕೆ ಅರಳುಮರಳು’ ಎಂಬ ಗಾದೆಯನ್ನು ಕೇಳಿ ನಾವೆಲ್ಲರೂ ನಕ್ಕವರೇ. ಆದರೆ ಈ ಗಾದೆ ಒಂದು ಅನ್ಯಾಯವನ್ನೂ ಮಾಡಿದೆ. ರೋಗವನ್ನು ವಯೋಧರ್ಮವೆಂದು ನಂಬಿಸಿದೆ. ಮರೆಗುಳಿತನ, ಅಂದರೆ ಡಿಮೆನ್ಷಿಯ, ಮುಪ್ಪಿನ ಸಹಜ ಗುಣವಲ್ಲ, ಮಿದುಳಿನ ವ್ಯಾಧಿ. ಇದರ ಮುಖ್ಯ ಬಗೆಯೊಂದನ್ನು ಜರ್ಮನಿಯ ವೈದ್ಯ ಅಲೋಯಿಸ್ ಆಲ್ಜೈಮರ್ 1906ರಲ್ಲಿಯೇ ವಿವರಿಸಿದನು. ನಮ್ಮ ದೇಶದಲ್ಲಿ ಅರವತ್ತು ದಾಟಿದವರ ಪೈಕಿ ನೂರಕ್ಕೆ ಸುಮಾರು 7 ಮಂದಿಗೆ, ಎಂದರೆ 88 ಲಕ್ಷ ಜನರಿಗೆ, ಇದು ಇದೆಯೆಂದು 2023ರಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ.

ಇಂಥವರು ಮನೆಯಿಂದ ಹೊರಟು ದಾರಿ ತಪ್ಪುವುದುಂಟು. ಆಗ ನಮಗೆ ಹೊಳೆಯುವ ಉಪಾಯ ಒಂದೇ: ಹೊರಗಿನಿಂದ ಬೀಗ. ಇದು ಸರಿಯೇ? ಒಳಗೆ ಬೆಂಕಿ ಹತ್ತಿದರೆ ಗತಿಯೇನು? ಅದಲ್ಲದೆ, ಅವರು ಗೊತ್ತುಗುರಿಯಿಲ್ಲದೆ ಅಲೆಯುತ್ತಾರೆಂಬ ನಮ್ಮ ಎಣಿಕೆಯೇ ಹಲವು ವೇಳೆ ತಪ್ಪು. ನನ್ನ ಅಜ್ಜಿ ಸಂಜೆಯಾಗುತ್ತಲೇ ಸೆರಗು ಹೊದ್ದು, ತವರಿಗೆ ಹೋಗಬೇಕೆಂದು ಎದ್ದು ನಿಲ್ಲುತ್ತಾಳೆ. ಆ ಮನೆ ಬಿದ್ದು ಎಷ್ಟೋ ಕಾಲವಾಯಿತು. ಅದು ಬಿದ್ದುಹೋಯಿತೆಂದು ವಾದಿಸುವುದಕ್ಕಿಂತ, ತವರಿನ ಸುದ್ದಿ ಕೇಳುತ್ತ ಅಂಗಳದಲ್ಲಿ ನಾಲ್ಕು ಹೆಜ್ಜೆ ನಡೆಸುವುದು ಮೇಲು.

ಈ ಮಾತನ್ನು ಇಂಗ್ಲೆಂಡಿನ ಪೊಲೀಸರು ಅರಿತಿದ್ದಾರೆ. ಅಲ್ಲಿ ‘ಹರ್ಬರ್ಟ್ ಪ್ರೋಟೋಕಾಲ್’ ಎಂಬ ಏರ್ಪಾಡಿದೆ. ಎರಡನೆಯ ಮಹಾಯುದ್ಧದಲ್ಲಿ ಹೋರಾಡಿ, ಮುಪ್ಪಿನಲ್ಲಿ ಮರೆಗುಳಿತನಕ್ಕೆ ತುತ್ತಾದ ಜಾರ್ಜ್ ಹರ್ಬರ್ಟನ ಹೆಸರನ್ನು ಅದಕ್ಕಿಟ್ಟಿದ್ದಾರೆ. ರೋಗಿಯ ಭಾವಚಿತ್ರ, ಹಿಂದೆ ವಾಸವಿದ್ದ ಮನೆ, ದುಡಿದ ಸ್ಥಳ, ಮೆಚ್ಚಿನ ತಾಣ, ಸೇವಿಸುವ ಔಷಧಿ ಇವೆಲ್ಲವನ್ನೂ ಮನೆಯವರು ಮೊದಲೇ ಬರೆದಿಡುತ್ತಾರೆ. ರೋಗಿ ಕಾಣೆಯಾದರೆ ಆ ಹಾಳೆ ಪೊಲೀಸರ ಕೈಸೇರುತ್ತದೆ. ಎಲ್ಲಿ ಹುಡುಕಬೇಕೆಂಬುದು ತಿಳಿಯುತ್ತದೆ.

ನಮ್ಮಲ್ಲಿ ಅನೇಕರು ಮನೆತನದಲ್ಲಿಯೇ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗರು. ಓದುಬರಹ ಬಾರದ ಹಿರಿಯರ ಬಾಳನ್ನು ಒಂದು ಹಾಳೆಯಲ್ಲಿ ಬರೆದಿಡಲು ನಮ್ಮನ್ನು ಬಿಟ್ಟರೆ ಮನೆಯಲ್ಲಿ ಇನ್ನಾರಿದ್ದಾರೆ? ಅವರ ಉಡುಪಿನ ಒಳಮಗ್ಗುಲಿಗೆ ಫೋನ್ ನಂಬರನ್ನು ಹೊಲಿಯೋಣ. ಮರ್ಯಾದೆಗೆ ಅಂಜಿ ಮುಚ್ಚಿಡದೆ, ಓಣಿಯ ಅಂಗಡಿಯವರಿಗೂ ಬಸ್ ನಿಲ್ದಾಣದವರಿಗೂ ವಿಷಯ ತಿಳಿಸಿಡೋಣ. ಕಾಣೆಯಾದರೆ ಮೊದಲು ಹತ್ತಿರದ ಕೆರೆ, ಬಾವಿ, ಹಳೆಯ ಹೊಲಗಳನ್ನು ನೋಡಬೇಕು. 24 ಗಂಟೆ ಕಾದೇ ದೂರು ಕೊಡಬೇಕೆಂಬ ಕಾನೂನು ಯಾವುದೂ ಇಲ್ಲ; ಕೂಡಲೆ 112ಕ್ಕೆ ತಿಳಿಸಬೇಕು.

ಬಿ.ಎ. ಪದವಿಯಿಂದ ಹಿರಿಯರಿಗೆ ಏನು ದೊರೆಯಿತೆಂದು ಯಾರಾದರೂ ಕೇಳಿದರೆ, ತೋರಿಸಲು ಆ ಹಾಳೆಯಾದರೂ ನಮ್ಮಲ್ಲಿರಲಿ. ಈ ರಜೆಯಲ್ಲಿ ಊರಿಗೆ ಹೋದಾಗ ಪ್ರತಿಯೊಬ್ಬರೂ ಅದನ್ನು ಬರೆಯಲಿ ಎಂಬುದೇ ನನ್ನ ಬಿನ್ನಹ.